ಮಂದಪ್ರಕಾಶದ ಬಿಂಬಗ್ರಹಣ: ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಕ್ಯಾಮೆರಾ ನಡೆದುಬಂದ ದಾರಿ

ಅಂಧಕಾರವು ಒಂದು ದ್ರವ್ಯವೋ ಅಥವಾ ತೇಜಸ್ಸಿನ ಅಭಾವಮಾತ್ರವೋ ಎಂಬ ವಿಷಯದಲ್ಲಿ ಭಾಟ್ಟ ಮೀಮಾಂಸಕರಿಗೂ ವೈಶೇಷಿಕರಿಗೂ ನಡೆದ ವಾದವು ಶಾಸ್ತ್ರಾಭ್ಯಾಸಿಗಳಿಗೆ ಸುಪರಿಚಿತವಾದುದೇ ಆಗಿದೆ. ಕತ್ತಲೆಗೆ ನೀಲವರ್ಣವುಂಟು, ಅದು ಚಲಿಸುವಂತೆ ಕಾಣುತ್ತದೆ, ಆದುದರಿಂದ ಅದು ದ್ರವ್ಯವೇ ಎಂದು ಭಾಟ್ಟರ ಪಕ್ಷ. ಆ ವರ್ಣವೂ ಆ ಚಲನವೂ ಭ್ರಾಂತಿಜನ್ಯವಾದುವು, ದೀಪವು ಸರಿದಾಗ ಕತ್ತಲೆಯು ಸರಿದಂತೆ ತೋರುವುದಷ್ಟೆ ಎಂದು ವೈಶೇಷಿಕರ ಪಕ್ಷ. ಇದನ್ನು ಪಾಠಶಾಲೆಗಳ ವಾಗ್ವಿನೋದವೆಂದು ಎಣಿಸುವವರು, ಅತ್ಯಂತ ಮಂದವಾದ ಬೆಳಕಿನಲ್ಲಿ ಚಿತ್ರವನ್ನು ಹಿಡಿಯುವ ವೈಜ್ಞಾನಿಕ ಕ್ಯಾಮೆರಾದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಮುಚ್ಚಳವನ್ನು ಭದ್ರವಾಗಿ ಮುಚ್ಚಿ ಒಂದು ಕಿರಣವೂ ಒಳಹೊಗದಂತೆ ಮಾಡಿದರೂ ಆ ಯಂತ್ರವು ಶೂನ್ಯವನ್ನು ಬರೆಯುವುದಿಲ್ಲ. ಏನನ್ನೋ ಎಣಿಸಿ ತೋರಿಸುತ್ತದೆ. ಯಂತ್ರಜ್ಞರು ಇದಕ್ಕೆ ಕತ್ತಲೆಯ ಪ್ರವಾಹವೆಂದೇ ಹೆಸರಿಟ್ಟು, ಕ್ಷಣಕ್ಕೆ ಇಷ್ಟೆಂದು ಪರಿಮಾಣವನ್ನೂ ಹೇಳುತ್ತಾರೆ. ಅಭಾವಕ್ಕೆ ಪರಿಮಾಣವೆಲ್ಲಿಂದ ಬಂದಿತು? ಉತ್ತರವು ವೈಶೇಷಿಕರ ಕಡೆಗೇ ವಾಲುತ್ತದೆ. ಅದು ಕತ್ತಲೆಯ ಗುಣವಲ್ಲ. ನೋಡುವ ಕರಣದಲ್ಲಿರುವ ದೋಷ.

ಕ್ಷೀಣವಾದ ಬೆಳಕನ್ನು ಹಿಡಿಯುವುದಕ್ಕೆ ಎರಡು ಮಾರ್ಗಗಳುಂಟು. ಬಂದ ಅಲ್ಪವನ್ನು ಯಂತ್ರದೊಳಗೇ ಬೆಳೆಸಿಕೊಂಡು ತೋರಿಸುವುದು ಒಂದು, ಇದನ್ನು ವರ್ಧನಮಾರ್ಗವೆನ್ನಬಹುದು. ಬಂದುದನ್ನು ಬಂದಷ್ಟೇ ಉಳಿಸಿಕೊಂಡು ಯಂತ್ರದ ಸ್ವಂತ ಗಲಭೆಯನ್ನು ಅಡಗಿಸುವುದು ಇನ್ನೊಂದು; ಇದು ಶಮನಮಾರ್ಗ. ಲೋಕಪ್ರಸಿದ್ಧಿಯು ಬಹುಕಾಲ ಮೊದಲನೆಯದಕ್ಕೇ ಸಂದಿತು. ಚರಿತ್ರೆಯನ್ನು ಆಮೂಲಾಗ್ರವಾಗಿ ಪರಿಶೀಲಿಸಿದರೆ, ಚಿತ್ರವು ಪ್ರಮಾಣವೆನಿಸಿಕೊಳ್ಳುವ ಯೋಗ್ಯತೆಯನ್ನು ಪಡೆದುದು ಎರಡನೆಯದರಿಂದಲೇ ಎಂಬುದು ವ್ಯಕ್ತವಾಗುತ್ತದೆ.

ಮೊದಲು ಆ ಬೆಳಕಿನ ಸ್ವರೂಪವನ್ನು ತಿಳಿಯಬೇಕು. ಚಳಿಜ್ವರಕ್ಕೆ ಕೊಡುವ ಕ್ವಿನೈನಿನ ದ್ರಾವಣವು ನೀರಿನಂತೆ ನಿರ್ಮಲವಾಗಿದ್ದರೂ ಬಿಸಿಲಿಗೆ ಹಿಡಿದಾಗ ಅದರ ಮೈಮೇಲೆ ನೀಲಿಯ ಹೊಳಪೊಂದು ಮೂಡುವುದನ್ನು ಜಾನ್ ಹರ್ಷೆಲನು 1845ರಲ್ಲಿ ವರ್ಣಿಸಿದನು. ಕೇಂಬ್ರಿಡ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸನು 1852ರಲ್ಲಿ ಅದರ ಕಾರಣವನ್ನು ಕಂಡನು. ಅಶ್ರಗದಿಂದ ಬಿಡಿಸಿದ ಸೂರ್ಯನ ವರ್ಣಪಟದಲ್ಲಿ ಅವನು ಕ್ವಿನೈನ್ ತುಂಬಿದ ನಳಿಗೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಸರಿಸುತ್ತ ಹೋದನು. ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಹೆಚ್ಚೇನೂ ನಡೆಯಲಿಲ್ಲ. ನೇರಳೆಯನ್ನು ದಾಟಿ, ಬೆಳಕೇ ಇಲ್ಲವೆಂದು ಕಣ್ಣು ಹೇಳುವ ಸ್ಥಳಕ್ಕೆ ಬಂದಾಗ ನಳಿಗೆಯು ನೀಲಿಯಾಗಿ ಬೆಳಗಿತು. ಕಾಣದ ಬೆಳಕನ್ನು ನುಂಗಿ ಕಾಣುವ ಬೆಳಕನ್ನು ಉಗುಳುವ ಈ ಧರ್ಮಕ್ಕೆ ಅವನು ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಒಂದು ಸಂಜ್ಞೆಯನ್ನು ರಚಿಸಿದನು. ಆ ಸಂಜ್ಞೆಯು ಧರ್ಮವು ಕಂಡ ಕಲ್ಲನ್ನು ಮಾತ್ರ ಹೇಳುತ್ತದೆ. ಕನ್ನಡದಲ್ಲಿ ರೂಢಿಗೆ ಬಂದಿರುವ ‘ಪ್ರತಿದೀಪ್ತಿ’ ಎಂಬ ಶಬ್ದವಾದರೋ ಧರ್ಮವನ್ನೇ ಹೇಳುತ್ತದೆ. ಬಿದ್ದ ಬೆಳಕಿಗೆ ವಸ್ತುವು ಕೊಡುವ ಉತ್ತರವೇ ಪ್ರತಿದೀಪ್ತಿ. ಆ ಉತ್ತರವು ಸಾಮಾನ್ಯವಾಗಿ ಪ್ರಶ್ನೆಗಿಂತ ಕೆಂಪಿನ ಕಡೆಗೆ ಸರಿದಿರುವುದರಿಂದ, ಬಣ್ಣದ ಗಾಜಿನಿಂದ ಪ್ರಶ್ನೆಯನ್ನು ತಡೆದು ಉತ್ತರವನ್ನು ಮಾತ್ರ ಒಳಬಿಟ್ಟುಕೊಳ್ಳಬಹುದು. ಮುಂದಿನ ಸಮಸ್ತ ಉಪಕರಣಗಳಿಗೂ ಇದೇ ಆಧಾರಸೂತ್ರ.

ಯೇನಾ ನಗರದ ಝೈಸ್ ಕಾರ್ಖಾನೆಯಲ್ಲಿ ಆಗಸ್ಟ್ ಕೋಲರನು ಅತಿನೇರಳೆ ಕಿರಣಗಳಿಂದ ಇನ್ನೂ ಸೂಕ್ಷ್ಮವಾದ ಆಕೃತಿಗಳನ್ನು ಕಾಣಬೇಕೆಂದು ರಚಿಸಿದ ಸೂಕ್ಷ್ಮದರ್ಶಕವು 1904ರಲ್ಲಿ ಪ್ರಕಟವಾಯಿತು. ಅದರಲ್ಲಿಟ್ಟ ಕೆಲವು ವಸ್ತುಗಳು ತಾವೇ ಹೊಳೆಯತೊಡಗಿ ಚಿತ್ರವನ್ನು ಕೆಡಿಸಿದುವು. ಕೋಲರನಿಗೆ ವಿಘ್ನವಾಗಿದ್ದುದೇ ಇತರರಿಗೆ ವಿಷಯವಾಯಿತು. ವಿಯೆನ್ನಾದ ರೈಕೆರ್ಟ್ ಸಂಸ್ಥೆಯ ಹೈಮ್‌ಷ್ಟೆಟನು 1911ರಲ್ಲಿ ಪ್ರತಿದೀಪ್ತಿಗೆಂದೇ ಒಂದು ಸೂಕ್ಷ್ಮದರ್ಶಕವನ್ನು ರಚಿಸಿದನು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕೂನ್ಸನು 1941ರಲ್ಲಿ ರೋಗನಿರೋಧಕ ಪ್ರತಿಕಾಯಗಳಿಗೆ ಹೊಳೆಯುವ ವರ್ಣದ್ರವ್ಯವನ್ನು ಬೆಸೆದು, ಅಂಗಾಂಶದಲ್ಲಿ ಅಡಗಿದ ರೋಗಾಣುವಿನ ಅಂಶವನ್ನು ಆ ಹೊಳಪಿನಿಂದ ಗುರುತಿಸುವ ದಾರಿಯನ್ನು ತೆರೆದನು. ಮೊದಲು ಬಳಸಿದ ವರ್ಣದ್ರವ್ಯದ ನೀಲಿಯು ಅಂಗಾಂಶಕ್ಕೆ ಸಹಜವಾಗಿರುವ ನೀಲಿಯಲ್ಲಿ ಕಲೆತುಹೋಯಿತು. ಆದುದರಿಂದ ಅವನೂ ಅವನ ಸಹಚರರೂ ಹಸಿರಾಗಿ ಹೊಳೆಯುವ ಫ್ಲೋರೆಸೀನಿಗೆ ತಿರುಗಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಎರಡನೆಯ ವರ್ಣದ್ರವ್ಯದ ಗೆಲುವಿಗೆ ಕಾರಣವಾದುದು ಹೊಳಪಿನ ಹೆಚ್ಚಳವಲ್ಲ, ಅದರ ಹಿಂದಣ ಭೂಮಿಕೆಯು ಕಪ್ಪಾಗಿದ್ದುದು. ಹಾಲೆಂಡಿನ ಪ್ಲೂಮ್ ಎಂಬ ವಿದ್ವಾಂಸರು 1967ರಲ್ಲಿ, ಒಂದು ಬಣ್ಣವನ್ನು ಪ್ರತಿಫಲಿಸಿ ಮತ್ತೊಂದನ್ನು ದಾಟಿಸುವ ಕನ್ನಡಿಯ ಮೂಲಕ ಬೆಳಕನ್ನು ಮೇಲಿನಿಂದಲೇ ವಸ್ತುವಿನ ಮೇಲೆ ಬೀಳಿಸುವ ಕ್ರಮವನ್ನು ರೂಢಿಗೆ ತಂದಾಗ ಆ ಭೂಮಿಕೆಯು ಮತ್ತಷ್ಟು ಕಪ್ಪಾಯಿತು.

ಹೀಗೆ ಸೂಕ್ಷ್ಮದರ್ಶಕದ ಕತ್ತಲೆಯು ಶುದ್ಧವಾಗುತ್ತ ಬಂದಿತು. ಆದರೆ ಆ ಕತ್ತಲೆಯಲ್ಲಿ ಮಿನುಗುವ ಬೆಳಕು, ವಸ್ತುವಿನ ಮೇಲೆ ಸುರಿದ ಬೆಳಕಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಿರುವುದುಂಟು. ಸುರಿಯುವುದನ್ನೇ ಹೆಚ್ಚಿಸಬಾರದೇಕೆ ಎಂದು ಕೇಳಬಹುದು. ಹೆಚ್ಚಿಸಿದರೆ ವರ್ಣದ್ರವ್ಯವು ಬೇಗ ಮಾಸಿಹೋಗುತ್ತದೆ. ಜೀವಕೋಶವು ಬೆಂದು ಸಾಯುತ್ತದೆ. ಸಾಯುತ್ತಿರುವ ಕೋಶದಲ್ಲಿ ಕಂಡುದನ್ನು ಬದುಕಿನ ಕ್ರಮವೆಂದು ಬರೆದರೆ ಅದು ಅಪ್ರಮಾಣವೇ ಸರಿ. ಅಲ್ಪಪ್ರಕಾಶದಲ್ಲಿ ನೋಡಬೇಕೆಂಬುದು ಸತ್ಯಕ್ಕಾಗಿ ಸಲ್ಲಿಸಬೇಕಾದ ಕರ.

ಆ ಕರವನ್ನು ಫೋಟೋ ಫಲಕವು ಹೊರಲಾರದೆ ಹೋಯಿತು. ಬೆಳ್ಳಿಯ ಲವಣವನ್ನು ಬಳಿದ ಗಾಜಿನ ಫಲಕಕ್ಕೆ ತಾಳ್ಮೆಯೆಂಬ ಒಂದು ಮಹಾಗುಣವಿತ್ತು: ಗಂಟೆಗಟ್ಟಲೆ ತೆರೆದಿಟ್ಟರೂ ಬೆಳಕನ್ನು ಕೂಡಿಸುತ್ತ ಕುಳಿತಿರುತ್ತಿತ್ತು. ಇದಕ್ಕೆ ಕರ್ಣಾಟಕದ ನೆನಪಿಗೆ ಸೇರಿದ ನಿದರ್ಶನವೊಂದುಂಟು. ದ್ರವಗಳಿಂದ ಚೆದರಿದ ಬೆಳಕಿನಲ್ಲಿ ಕಾಣುತ್ತಿದ್ದ ಅನ್ಯವರ್ಣದ ಕ್ಷೀಣಾಂಶವನ್ನು ಕಲ್ಕತ್ತೆಯ ಚಂದ್ರಶೇಖರ ವೆಂಕಟರಾಮನ್ ಅವರ ಪ್ರಯೋಗಶಾಲೆಯಲ್ಲಿ ಮೊದಲು ದುರ್ಬಲ ಪ್ರತಿದೀಪ್ತಿಯೆಂದೇ ಭಾವಿಸಲಾಗಿತ್ತು. ದ್ರವವನ್ನು ಎಷ್ಟು ಶೋಧಿಸಿದರೂ ಅದು ಹೋಗಲಿಲ್ಲ. ಅದು ಪ್ರತಿದೀಪ್ತಿಯಲ್ಲ, ಬೇರೊಂದು ವಿಕಿರಣವೆಂಬ ನಿರ್ಣಯವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಅವರು ವಿಸ್ತಾರವಾಗಿ ನಿರೂಪಿಸಿದರು. ಕಣ್ಣು ಶಂಕಿಸಬಹುದಾಗಿದ್ದ ರೇಖೆಗಳಿಗೆ ದೀರ್ಘಕಾಲ ತೆರೆದಿಟ್ಟ ಫಲಕಗಳೇ ಸಾಕ್ಷಿಗಳಾದುವು.

ಆದರೂ ಫಲಕಕ್ಕೆ ದೋಷಗಳು ಎರಡು. ತನ್ನ ಮೇಲೆ ಬಿದ್ದ ಬೆಳಕಿನ ಕಣಗಳಲ್ಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ನೂರಕ್ಕೆ ಒಂದರ ಆಸುಪಾಸು. ಅದಕ್ಕಿಂತ ಗೂಢವಾದ ದೋಷವು ಮರೆವು. ಬೆಳಕು ಅತಿಮಂದವಾದಾಗ ಕಾಲವನ್ನು ಇಮ್ಮಡಿಸಿದರೆ ಕಪ್ಪು ಇಮ್ಮಡಿಯಾಗುವುದಿಲ್ಲ; ಮೊದಲು ಬಂದ ಕಣದ ಗುರುತು ಎರಡನೆಯದು ಬರುವುದರೊಳಗಾಗಿ ಅಳಿದುಹೋಗುತ್ತದೆ. ಈ ವ್ಯಭಿಚಾರವನ್ನು 1899ರ ಸುಮಾರಿಗೆ ಕಾರ್ಲ್ ಶ್ವಾರ್ಟ್ಸ್‌ಶಿಲ್ಡನು ನಕ್ಷತ್ರಗಳ ಚಿತ್ರಗಳನ್ನು ಅಳೆಯುವಾಗ ಸೂತ್ರಬದ್ಧವಾಗಿ ನಿರೂಪಿಸಿದನು. ಹೀಗಿರಲು, ಫಲಕದ ಮೇಲಣ ಎರಡು ಮಚ್ಚೆಗಳ ಕಪ್ಪನ್ನು ಹೋಲಿಸಿ ಇದು ಅದರ ಇಮ್ಮಡಿಯೆಂದು ನಿಸ್ಸಂಶಯವಾಗಿ ಹೇಳುವಂತಿರಲಿಲ್ಲ. ಇನ್ನು ಜೀವಂತಕೋಶದ ಕ್ಷಣಿಕವ್ಯಾಪಾರವನ್ನು ಗಂಟೆಗಟ್ಟಲೆ ಕಾದು ಹಿಡಿಯುವುದು ಹೇಗೆ?

ಕಣ್ಣಿನ ವಿಷಯವೇನು ಎಂಬುದನ್ನು 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದರು. ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಅಕ್ಷಿಪಟಲವು 5ರಿಂದ 14 ಬೆಳಕಿನ ಕಣಗಳನ್ನು ಹೀರಿಕೊಂಡರೆ ಸಾಕು, ಮನುಷ್ಯನಿಗೆ ಮಿಂಚು ಕಂಡಂತಾಗುತ್ತದೆಯೆಂದು ಅವರು ನಿರ್ಣಯಿಸಿದರು. ಇದನ್ನು ಮುಂದುವರಿಸಿದವನು ಅಮೆರಿಕದ ಆರ್‌ಸಿಎ ಸಂಸ್ಥೆಯ ಆಲ್ಬರ್ಟ್ ರೋಸ್. ಕಣ್ಣು, ಫೋಟೋ ಪಟಲ, ಟೆಲಿವಿಷನ್ನಿನ ನಳಿಗೆ ಈ ಮೂರನ್ನೂ ಅವನು 1946ರಿಂದ 1948ರ ವರೆಗಿನ ಲೇಖನಗಳಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿದನು. ಬೆಳಕು ಕಣಕಣವಾಗಿ ಬರುವುದರಿಂದ ಎಣಿಕೆಯಲ್ಲಿ ಸಹಜವಾದ ಏರಿಳಿತವಿದ್ದೇ ಇರುತ್ತದೆ. ನೂರು ಕಣಗಳು ಬರಬೇಕಾದಲ್ಲಿ ಹತ್ತರಷ್ಟು ಹೆಚ್ಚುಕಡಿಮೆಯಾಗುವುದು ಸ್ವಾಭಾವಿಕ. ಗುರುತಿಸಬೇಕಾದ ಆಕೃತಿಯು ಈ ಏರಿಳಿತದ ಐದರಷ್ಟಾದರೂ ಎದ್ದು ತೋರದೆ ಇದ್ದರೆ ಕಂಡೆನೆಂದು ಹೇಳಬಾರದು ಎಂಬುದು ಅವನ ನಿಯಮದ ತಾತ್ಪರ್ಯ. ಈ ಚರಿತ್ರೆಯಲ್ಲಿ ಪ್ರಮಾಣಶಾಸ್ತ್ರವೆನ್ನಬಹುದಾದ ಗ್ರಂಥಭಾಗವು ಇದೇ. ಯಂತ್ರಗಳನ್ನು ಕಟ್ಟಿದವರಿಗೆ ಬಂದಷ್ಟು ಹೆಸರು ರೋಸನಿಗೆ ಬರಲಿಲ್ಲವೆಂಬುದು ವಿಷಾದದ ಸಂಗತಿ.

ರೋಸನೂ ಅವನ ಸಹೋದ್ಯೋಗಿಗಳೂ ಕಟ್ಟಿದ ಟೆಲಿವಿಷನ್ ನಳಿಗೆಯು ವರ್ಧನಮಾರ್ಗದ್ದು. ಆ ಮಾರ್ಗದ ಪೂರ್ವಪೀಠಿಕೆಯಲ್ಲಿ ಜಪಾನಿನ ಹಮಾಮತ್ಸು ಪಟ್ಟಣಕ್ಕೆ ಒಂದು ಸ್ಥಾನವುಂಟು. ಅಲ್ಲಿ ಕೆಂಜಿರೊ ತಕಯನಗಿಯು 1926ರ ಡಿಸೆಂಬರಿನಲ್ಲಿ ವಿದ್ಯುನ್ನಳಿಗೆಯ ಪರದೆಯ ಮೇಲೆ ಮೊತ್ತಮೊದಲು ಮೂಡಿಸಿದುದು ಜಪಾನೀ ವರ್ಣಮಾಲೆಯ ‘ಇ’ ಎಂಬ ಅಕ್ಷರವನ್ನು. ಮುಖವನ್ನಲ್ಲ, ಹೂವನ್ನಲ್ಲ, ಅಕ್ಷರವನ್ನು ಆರಿಸಿಕೊಂಡನೆಂಬುದು ಅಕ್ಷರೋಪಾಸಕರಿಗೆ ಸಂತೋಷವನ್ನು ಕೊಡುವಂಥದು. ಅವನ ಶಿಷ್ಯನಾದ ಹೊರಿಉಚಿಯು 1953ರಲ್ಲಿ ಅದೇ ಊರಿನಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಹಮಾಮತ್ಸು ಫೋಟಾನಿಕ್ಸ್ ಎಂದು ಪ್ರಸಿದ್ಧವಾಯಿತು.

ಇರುಳಿನ ಯುದ್ಧಕ್ಕಾಗಿ ಬೆಳೆದ ಬಿಂಬವರ್ಧಕವನ್ನು ಜೀವಶಾಸ್ತ್ರಜ್ಞರು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರು. ಬೆಳಕಿನ ಕಣವೊಂದು ಲೋಹಲೇಪದಿಂದ ಎಲೆಕ್ಟ್ರಾನನ್ನು ಕೀಳುತ್ತದೆ. ಅದನ್ನು ವಿದ್ಯುದ್ಬಲದಿಂದ ಓಡಿಸಿ ಸಾವಿರವಾಗಿ ಮಾಡಿ ಮತ್ತೆ ಪರದೆಯ ಮೇಲೆ ಬೆಳಕಾಗಿಸುವುದು ಇದರ ಕ್ರಮ. ಇದರಿಂದ ಸಿಕ್ಕಿದ ಫಲಗಳಲ್ಲಿ 1978ರಲ್ಲಿ ಪ್ರಕಟವಾದ ಒಂದು ದರ್ಶನವು ಅತ್ಯಂತ ರಮಣೀಯವಾದುದು. ಮೆಡಾಕಾ ಎಂಬ ಚಿಕ್ಕ ಮೀನಿನ ಮೊಟ್ಟೆಗೆ, ಕ್ಯಾಲ್ಸಿಯಂ ಸೋಕಿದರೆ ಬೆಳಗುವ ಈಕ್ವೋರಿನ್ ಎಂಬ ಸಸಾರಜನಕವನ್ನು ಸೇರಿಸಿ ಗಿಲ್ಕಿ, ಜ್ಯಾಫೆ, ರಿಡ್ಜ್‌ವೇ, ರೆನಾಲ್ಡ್ಸ್ ಎಂಬುವರು ನೋಡುತ್ತಿದ್ದರು. ರೇತಸ್ಸು ಪ್ರವೇಶಿಸುವ ರಂಧ್ರದ ಬಳಿ ಹೊಳಪು ಹುಟ್ಟಿ, ಅಲೆಯಾಗಿ ಮೊಟ್ಟೆಯನ್ನೆಲ್ಲ ಬಳಸಿ ಎದುರಿನ ಧ್ರುವದಲ್ಲಿ ಅಡಗಿತು. ಆ ಈಕ್ವೋರಿನನ್ನು ಒಸಾಮು ಶಿಮೊಮುರನು 1962ರಲ್ಲಿ ಒಂದು ಲೋಳೆಮೀನಿನಿಂದ ಬೇರ್ಪಡಿಸಿದ್ದನು. ಅದರೊಡನೆಯೇ ಕಂಡ ಹಸಿರು ಪ್ರತಿದೀಪ್ತಿಯ ಸಸಾರಜನಕವು ಮುಂದೆ 1994ರಲ್ಲಿ ಮಾರ್ಟಿನ್ ಚಾಲ್ಫಿಯವರ ಕೈಯಲ್ಲಿ ಇತರ ಜೀವಿಗಳ ಕೋಶಗಳೊಳಗೂ ಬೆಳಗಿತು. 2008ರಲ್ಲಿ ಇವರಿಬ್ಬರಿಗೂ ರೋಜರ್ ಚಿಯೆನ್ ಅವರಿಗೂ ನೊಬೆಲ್ ಪಾರಿತೋಷಿಕವನ್ನು ತಂದಿತು.

ಬಿಂಬವರ್ಧಕವು ಕಾಣಿಸಿತು, ಅಳೆಯಲಿಲ್ಲ. ಒಂದು ಕಣವು ಒಮ್ಮೆ ಐನೂರಾಗಿ ಮತ್ತೊಮ್ಮೆ ಎರಡು ಸಾವಿರವಾಗಿ ಬೆಳೆದರೆ, ಹೊಳಪಿನ ಹೆಚ್ಚುಕಡಿಮೆಯು ವಸ್ತುವಿನದೋ ಯಂತ್ರದ್ದೋ ಎಂದು ಹೇಳುವವರು ಯಾರು?

ಶಮನಮಾರ್ಗವು ಅನಿರೀಕ್ಷಿತವಾದ ಸ್ಥಳದಲ್ಲಿ ತೆರೆಯಿತು. 1969ರ ಅಕ್ಟೋಬರ್ 17ರಂದು ನ್ಯೂಜರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಎಂಬಿಬ್ಬರು ಗಣಕಯಂತ್ರಕ್ಕೆ ನೆನಪಿನ ಕೋಶವೊಂದನ್ನು ಕಲ್ಪಿಸುವ ಉದ್ದೇಶದಿಂದ ಹಲಗೆಯ ಮೇಲೆ ಒಂದು ರಚನೆಯನ್ನು ಗೀಚಿದರು. ಸಿಲಿಕಾನಿನ ಬಿಲ್ಲೆಯ ಮೇಲೆ ಸಾಲುಸಾಲಾಗಿ ಸಣ್ಣ ಕುಳಿಗಳು. ಒಂದರಲ್ಲಿ ಕೂಡಿದ ವಿದ್ಯುದಂಶವನ್ನು ಪಕ್ಕದ ಕುಳಿಗೆ, ಅಲ್ಲಿಂದ ಅದರ ಪಕ್ಕಕ್ಕೆ ಸಾಗಿಸುವುದು. ಬೆಂಕಿ ಬಿದ್ದ ಮನೆಗೆ ಕೆರೆಯಿಂದ ಸಾಲಾಗಿ ನಿಂತವರು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ. ಇದೇ ಸಿಸಿಡಿ. ಸಿಲಿಕಾನಿಗೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹುಟ್ಟುವುದರಿಂದ ನೆನಪಿನ ಕುಳಿಗಳೇ ಬೆಳಕಿನ ಕೊಡಗಳಾದುವು. 2009ರ ನೊಬೆಲ್ ಪಾರಿತೋಷಿಕವು ಇವರಿಬ್ಬರಿಗೆ ಬಂದಾಗ ಅದೇ ಪ್ರಯೋಗಾಲಯದಲ್ಲಿದ್ದವರಿಂದ ಆಕ್ಷೇಪಗಳೆದ್ದುವು. ಇದನ್ನು ಬಿಂಬಗ್ರಹಣಕ್ಕೆ ಬಳಸುವ ಏಕಸ್ವಾಮ್ಯದ ಸನ್ನದು ಮೈಕೆಲ್ ಟಾಮ್ಸೆಟ್ ಅವರ ಹೆಸರಿನಲ್ಲಿರುವುದು ನಿರ್ವಿವಾದವಾದ ಸಂಗತಿ. 2017ರ ರಾಣಿ ಎಲಿಜಬೆತ್ ಇಂಜಿನಿಯರಿಂಗ್ ಪಾರಿತೋಷಿಕವನ್ನು ಹಂಚಿಕೊಂಡ ನಾಲ್ವರಲ್ಲಿ ಸ್ಮಿತ್ ಅವರೊಡನೆ ಟಾಮ್ಸೆಟ್ ಅವರೂ ಇದ್ದರು. ಕರ್ತೃತ್ವವಿವಾದಗಳಲ್ಲಿ ಪಳಗಿದ ಸಾಹಿತ್ಯಾಭ್ಯಾಸಿಗಳಿಗೆ ಇದು ಹೊಸದಾಗಿ ತೋರಲಾರದು. ಸೂತ್ರಕಾರನಿಗೆ ಎಷ್ಟು, ವೃತ್ತಿಕಾರನಿಗೆ ಎಷ್ಟು ಎಂಬ ಪ್ರಶ್ನೆಯು ಎಲ್ಲ ಶಾಸ್ತ್ರಗಳಲ್ಲಿಯೂ ಒಂದೇ ಬಗೆಯದು.

ಸಿಸಿಡಿಯು ಏನನ್ನೂ ಬೆಳೆಸುವುದಿಲ್ಲ. ಅದರ ಗುಣವಿರುವುದು ಪ್ರಾಮಾಣಿಕತೆಯಲ್ಲಿ. ಇಮ್ಮಡಿ ಬೆಳಕಿಗೆ ಇಮ್ಮಡಿ ಎಲೆಕ್ಟ್ರಾನು, ಅಷ್ಟೆ. ಹಿಂಬದಿಯಿಂದ ಬೆಳಕು ಬೀಳುವಂತೆ ತೆಳುವಾಗಿ ಸವೆಸಿದ ಬಿಲ್ಲೆಯು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕಣಗಳನ್ನು ಹಿಡಿಯಬಲ್ಲುದು. ಮೊದಲು ಹೇಳಿದ ಕತ್ತಲೆಯ ಪ್ರವಾಹವು ಸಿಲಿಕಾನಿನ ಬಿಸಿಯಿಂದ ತಾನಾಗಿಯೇ ಹುಟ್ಟುವ ಎಲೆಕ್ಟ್ರಾನುಗಳ ಪ್ರವಾಹ. ಆರೇಳು ಡಿಗ್ರಿ ತಂಪುಮಾಡಿದಂತೆಲ್ಲ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದಲೇ ಇಂತಹ ಕ್ಯಾಮೆರಾಗಳನ್ನು ಹಿಮಬಿಂದುವಿಗಿಂತ ಬಹಳ ಕೆಳಗಿನ ಶೀತದಲ್ಲಿ ಇಡುವ ಪದ್ಧತಿ. ಖಗೋಳಜ್ಞರು ಮೊದಲು ಕೈಗೊಂಡ ಈ ಸಾಧನವನ್ನು ಹಿರಾವೊಕ, ಸೆಡಾಟ್, ಅಗಾರ್ಡ್ ಎಂಬ ಮೂವರು 1987ರಲ್ಲಿ ಜೀವಕೋಶಗಳ ಪರಿಮಾಣಾತ್ಮಕ ಚಿತ್ರಣಕ್ಕೆ ಬಳಸಿ ತೋರಿಸಿದರು. ಪ್ರತಿದೀಪ್ತಿಯ ಚಿತ್ರವು ವರ್ಣನೆಯ ಪದವಿಯಿಂದ ಲೆಕ್ಕದ ಪದವಿಗೆ ಏರಿದ ಕಾಲವನ್ನು ಇಲ್ಲಿಂದ ಎಣಿಸುವುದು ಯುಕ್ತ.

ಉಳಿದ ದೋಷವೊಂದು ಓದುವಿಕೆಯದು. ಸಿಸಿಡಿಯಲ್ಲಿ ಕೊಡಗಳೆಲ್ಲವೂ ಸಾಮಾನ್ಯವಾಗಿ ಒಂದೇ ಬಾಗಿಲಿಗೆ ಬಂದು ಒಬ್ಬನೇ ಲಿಪಿಕಾರನ ಕೈಯಿಂದ ಬರೆಯಿಸಿಕೊಳ್ಳಬೇಕು. ನಿಧಾನವಾಗಿ ಬರೆಸಿದರೆ ತಪ್ಪು ಕಡಿಮೆ. ಅವಸರಪಡಿಸಿದರೆ ಪ್ರತಿ ಕೊಡದಲ್ಲಿಯೂ ಹಲವು ಎಲೆಕ್ಟ್ರಾನುಗಳ ತಪ್ಪು. ಹತ್ತು ಕಣಗಳಷ್ಟೇ ಬರುವಲ್ಲಿ ಈ ತಪ್ಪು ಪ್ರಾಣಾಂತಿಕ. ಪರಿಹಾರಕ್ಕೆಂದು ವರ್ಧನಮಾರ್ಗವು ಮತ್ತೆ ತಲೆದೋರಿತು. 2001ರ ಸುಮಾರಿಗೆ ಇಂಗ್ಲೆಂಡಿನ ಇ2ವಿ ಸಂಸ್ಥೆಯೂ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯೂ ಇಎಂಸಿಸಿಡಿ ಎಂಬ ಬಿಲ್ಲೆಗಳನ್ನು ಹೊರತಂದುವು. ಬೆಲ್‌ಫಾಸ್ಟಿನ ಆಂಡೋರ್ ಸಂಸ್ಥೆಯು ಅದನ್ನು ಕ್ಯಾಮೆರಾದಲ್ಲಿ ಅಳವಡಿಸಿತು. ಲಿಪಿಕಾರನನ್ನು ಸೇರುವ ಮೊದಲು ಎಲೆಕ್ಟ್ರಾನುಗಳು ಐನೂರಕ್ಕೂ ಮೇಲ್ಪಟ್ಟ ಹಂತಗಳನ್ನು ದಾಟುತ್ತವೆ. ಒಂದೊಂದು ಹಂತದಲ್ಲಿಯೂ ನೂರಕ್ಕೆ ಒಂದೆರಡರಂತೆ ಹೆಚ್ಚುತ್ತವೆ. ಚಕ್ರಬಡ್ಡಿಯ ಮಹಿಮೆಯನ್ನು ಬಲ್ಲವರಿಗೆ, ಕೊನೆಗೆ ಒಂದು ಸಾವಿರವಾಗುವುದು ಆಶ್ಚರ್ಯವೆನಿಸದು. ಆದರೆ ಬಡ್ಡಿಯು ಪ್ರತಿಯೊಂದು ಎಲೆಕ್ಟ್ರಾನಿಗೂ ಸಮವಾಗಿ ಸಲ್ಲುವುದಿಲ್ಲವಾದುದರಿಂದ, ಬಂದ ಕಣಗಳಲ್ಲಿ ಅರ್ಧವನ್ನು ಚೆಲ್ಲಿದರೆ ಎಷ್ಟು ಅನಿಶ್ಚಯವುಂಟಾಗುವುದೋ ಅಷ್ಟು ಅನಿಶ್ಚಯವು ಇಲ್ಲಿ ತೆರಬೇಕಾದ ಸುಂಕ.

ಆ ಸುಂಕವನ್ನು ತೆತ್ತೂ ಈ ಕ್ಯಾಮೆರಾ ಒಂದು ಮಹಾಕಾರ್ಯವನ್ನು ಸಾಧಿಸಿತು. ಬೆಳಕಿನ ಅಲೆಯ ಉದ್ದದ ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸೂಕ್ಷ್ಮದರ್ಶಕವು ಬಿಡಿಸಿ ತೋರಿಸಲಾರದೆಂದು ಅರ್ನ್ಸ್ಟ್ ಆಬೆಯು 1873ರಲ್ಲಿ ವಿಧಿಸಿದ್ದನು. 2006ರಲ್ಲಿ ಎರಿಕ್ ಬೆಟ್ಜಿಗ್, ಹೆರಲ್ಡ್ ಹೆಸ್ ಎಂಬ ಮಿತ್ರರು ತಮ್ಮ ಸಹಕಾರಿಗಳೊಡನೆ ಆ ಗಡಿಯನ್ನು ಸುತ್ತಿಕೊಂಡು ಹೋದರು. ಅವರ ಮೊದಲ ಉಪಕರಣವು ರೂಪುಗೊಂಡುದು ಹೆಸ್ ಅವರ ಮನೆಯ ಪಡಸಾಲೆಯಲ್ಲಿ. ಅದೇ ವರ್ಷ ಕ್ಸಿಯಾವೊವೈ ಜ್ವಾಂಗ್ ಅವರ ತಂಡವೂ ಇಂತಹುದೇ ಉಪಾಯವನ್ನು ಪ್ರಕಟಿಸಿತು. ಅಣುಗಳನ್ನೆಲ್ಲ ಒಟ್ಟಿಗೆ ಬೆಳಗಿಸದೆ ಒಂದೊಂದಾಗಿ ಮಿನುಗಿಸಿ, ಪ್ರತಿಯೊಂದರ ಹರಡಿದ ಮಚ್ಚೆಯ ನಡುವನ್ನು ಲೆಕ್ಕಹಾಕಿ ಗುರುತಿಸುವುದೇ ಆ ಉಪಾಯ. ಒಂದು ಅಣುವಿನಿಂದ ನೂರು ಕಣಗಳು ಬಂದರೆ ನಡುವಿನ ಅನಿಶ್ಚಯವು ಆದರ್ಶಸ್ಥಿತಿಯಲ್ಲಿ ಮಚ್ಚೆಯ ಅಗಲದ ಹತ್ತನೆಯ ಪಾಲಿಗೂ, ಹತ್ತು ಸಾವಿರ ಬಂದರೆ ನೂರನೆಯ ಪಾಲಿಗೂ ಇಳಿಯುತ್ತದೆ. ಬೆಟ್ಜಿಗ್ ಅವರು 2014ರ ನೊಬೆಲ್ ಪಾರಿತೋಷಿಕದಲ್ಲಿ ಪಾಲುಗೊಂಡರು.

ಇಂತಹ ಚಿತ್ರವು ಪ್ರತ್ಯಕ್ಷವೋ ಅನುಮಾನವೋ? ಬಿಂದುವು ಕಂಡುದಲ್ಲ, ಮಚ್ಚೆಯೆಂಬ ಲಿಂಗದಿಂದ ಊಹಿತವಾದುದು. ಧೂಮದಿಂದ ವಹ್ನಿಯಂತೆ. ಅನುಮಾನವು ನಿಲ್ಲುವುದು ವ್ಯಾಪ್ತಿಯ ಬಲದ ಮೇಲೆ. ಇಲ್ಲಿ ವ್ಯಾಪ್ತಿಯೆಂದರೆ ಕ್ಯಾಮೆರಾದ ದೋಷಗಳ ಸಮಗ್ರಜ್ಞಾನ. ಯಂತ್ರದ ಗಲಭೆಯನ್ನೇ ಅಣುವೆಂದು ಎಣಿಸಿದರೆ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಟ್ಟದಲ್ಲಿ ಬೆಂಕಿಯನ್ನು ಸಾಧಿಸಿದಂತಾಗುತ್ತದೆ; ಚಿತ್ರವು ಸುಂದರವಾಗಿದ್ದಷ್ಟೂ ಅಪಾಯವು ಹೆಚ್ಚು.

ಈ ಜ್ಞಾನದ ಪರೀಕ್ಷೆಯು ಮುಂದಿನ ಕ್ಯಾಮೆರಾದಲ್ಲಿ ತೀವ್ರವಾಯಿತು. 2009ರಲ್ಲಿ ಆಂಡೋರ್, ಫೇರ್‌ಚೈಲ್ಡ್ ಇಮೇಜಿಂಗ್, ಪಿಸಿಒ ಎಂಬ ಮೂರು ಸಂಸ್ಥೆಗಳು ಕೂಡಿ ವೈಜ್ಞಾನಿಕ ಸಿಮಾಸ್ ಎಂಬ ಬಗೆಯನ್ನು ಲೋಕಕ್ಕೆ ಸಾರಿದುವು. ಇದರಲ್ಲಿ ಪ್ರತಿಯೊಂದು ಕುಳಿಗೂ ತನ್ನದೇ ಆದ ಲಿಪಿಕಾರನುಂಟು. ಆದುದರಿಂದ ವೇಗವು ಅಪಾರ. ಓದುವ ತಪ್ಪು ಒಂದೆರಡು ಎಲೆಕ್ಟ್ರಾನುಗಳಷ್ಟು ಮಾತ್ರ. ಆದರೆ ಲಕ್ಷಾಂತರ ಲಿಪಿಕಾರರಲ್ಲಿ ಒಬ್ಬೊಬ್ಬನ ಕೈಬರಹವೂ ಬೇರೆ, ತಪ್ಪುವ ಅಭ್ಯಾಸವೂ ಬೇರೆ. ಒಬ್ಬನು ಯಾವಾಗಲೂ ಸ್ವಲ್ಪ ಹೆಚ್ಚು ಬರೆಯುತ್ತಾನೆ, ಇನ್ನೊಬ್ಬನು ಅಸ್ಥಿರ. ಓಲೆಗರಿಗಳ ಪಾಠಪರಿಷ್ಕರಣದಲ್ಲಿ ತೊಡಗಿದವರಿಗೆ ಇದರ ಚಿಕಿತ್ಸೆಯನ್ನು ಹೇಳಿಕೊಡಬೇಕಾಗಿಲ್ಲ: ಪ್ರತಿಯೊಬ್ಬ ಲಿಪಿಕಾರನ ಸ್ಖಾಲಿತ್ಯಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು ಅದರಂತೆ ಪಾಠವನ್ನು ತಿದ್ದಬೇಕು. ಫ್ಯಾಂಗ್ ಹುವಾಂಗ್ ಮತ್ತು ಅವರ ಸಹಚರರು 2013ರಲ್ಲಿ ಮಾಡಿದುದು ಇದನ್ನೇ. ಒಂದೊಂದು ಕುಳಿಯ ಸ್ವಭಾವವನ್ನೂ ಅಳೆದಿಟ್ಟುಕೊಂಡು ಆ ಲೆಕ್ಕವನ್ನು ಅಣುವಿನ ಸ್ಥಾನನಿರ್ಣಯದಲ್ಲಿ ಸೇರಿಸಿದುದರಿಂದ, ಮಿಥ್ಯಾಬಿಂದುಗಳು ತೊಲಗಿ ಚಲಚ್ಚಿತ್ರದ ವೇಗದಲ್ಲಿಯೂ ಅತಿಸೂಕ್ಷ್ಮದರ್ಶನವು ಸಾಧ್ಯವಾಯಿತು.

ತಕಯನಗಿಯ ಅಕ್ಷರವು ಮೂಡಿದ ಊರಿನ ಸಂಸ್ಥೆಯು 2021ರಲ್ಲಿ ಹೊರತಂದ ಕ್ಯಾಮೆರಾದಲ್ಲಿ ಓದುವ ತಪ್ಪು 0.27 ಎಲೆಕ್ಟ್ರಾನಿಗೆ ಇಳಿಯಿತು. ತಪ್ಪು ಇಷ್ಟು ಕಿರಿದಾದಾಗ ಒಂದಕ್ಕೂ ಎರಡಕ್ಕೂ, ಎರಡಕ್ಕೂ ಮೂರಕ್ಕೂ ನಡುವೆ ತೆರಪು ಕಾಣುತ್ತದೆ. ಯಾವ ವರ್ಧನವೂ ಇಲ್ಲದೆಯೇ ಕಣಗಳನ್ನು ಎಣಿಸುವುದಾಗುತ್ತದೆ. ಇನ್ನು ಉಳಿದುದು ರೋಸನು ತೋರಿಸಿದ, ಬೆಳಕಿಗೇ ಸಹಜವಾದ ಏರಿಳಿತ. ಅದನ್ನು ಯಾವ ಕ್ಯಾಮೆರಾವೂ ನಿವಾರಿಸಲಾರದು.

ಆದುದರಿಂದಲೇ ವಿದ್ವಾಂಸರ ಗಮನವು ಬಂದ ಕಣಗಳನ್ನು ಉಳಿಸಿಕೊಳ್ಳುವುದರೊಡನೆ, ವಸ್ತುವಿನ ಮೇಲೆ ವ್ಯರ್ಥವಾಗಿ ಬೀಳುವ ಬೆಳಕನ್ನು ತಡೆಯುವುದರ ಕಡೆಗೂ ಹರಿಯಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅರ್ನ್ಸ್ಟ್ ಸ್ಟೆಲ್ಟ್ಸರ್ ಮತ್ತು ಅವರ ಸಹಚರರು 2004ರಲ್ಲಿ ಬೆಳಕನ್ನು ಓಲೆಗರಿಯಂತೆ ತೆಳುವಾಗಿಸಿ ಪಕ್ಕದಿಂದ ಹಾಯಿಸಿ, ನೋಡುತ್ತಿರುವ ಪದರವನ್ನು ಮಾತ್ರ ಬೆಳಗಿಸುವ ಕ್ರಮವನ್ನು ಪ್ರಕಟಿಸಿದರು. ಅದೇ ಮಾರ್ಗವನ್ನು ಹಿಡಿದು ಫಿಲಿಪ್ ಕೆಲ್ಲರ್ ಮುಂತಾದವರು 2008ರಲ್ಲಿ ಜೀಬ್ರಾಮೀನಿನ ಭ್ರೂಣವನ್ನು ಅದರ ಮೊದಲ 24 ಗಂಟೆಗಳ ಕಾಲ ಬಿಡದೆ ಚಿತ್ರಿಸಿ, ಕೋಶಕೋಶದ ನ್ಯೂಕ್ಲಿಯಸ್ಸು ಎಲ್ಲಿ ಹುಟ್ಟಿ ಎಲ್ಲಿಗೆ ಸರಿಯಿತೆಂಬುದನ್ನು ಬರೆದಿಟ್ಟರು. ನೋಡಿಸಿಕೊಂಡ ಭ್ರೂಣವು ಆ ಅವಧಿಯಲ್ಲೆಲ್ಲ ಬೆಳೆಯುತ್ತಲೇ ಇದ್ದಿತು.